ಅವಾಚ್ಯ ಶಬ್ದಗಳಿಂದ

ಇಪ್ಪತ್ತೆರಡು ವರ್ಷಾಯ್ತು, ಠಾಣೇದಾಗ ರೈಟರ್.
ಯಾರು ಯಾರಿಗಿ ಏನಂದ್ರೂ
ನನ್ನ ಕೈ ಬರೆಯೋದು ಒಂದೇ ಸಾಲು:
‘ಅವಾಚ್ಯ ಶಬ್ದಗಳಿಂದ ಬೈದು...’

ಗುರುಮಠಕಲ್‌ನಾಗ ಮೊಗುಲಪ್ಪ ಬಂದ,
ಕಿವಿಯಾಗ ಇನ್ನೂ ಬಿಸಿ ಇತ್ತು ಅತ್ತಿಗಿ ಮಾತು:
ನೀ ಮೊಹಂ ಮಂಡ.
ಮಾರಿ ಸುಡ್ಲಿ ಅಂದಂಗ, ಅಷ್ಟೇ ಅಲ್ಲೇನಪಾ, ಅಂದೆ.
ಅಲ್ರೀ ಸಾಹೇಬ್ರ,
ಕನ್ನಡದಾಗ ಅಂದಿದ್ರ ಸುಮ್ನಿರ್ತಿದ್ದೆ,
ತೆಲುಗಿನಾಗ ಅಂದ್ಳಂದ್ರ ಅದು ಒಳಗಿಂದ ಬಂದದ್ದು.

ಔರಾದದಾಗ ಕೌಸಲ್ಯಾ ಗಂಡ ತುಕಾರಾಮ
ನಳದ ಬಲ್ಲಿ ನಿಂತು ಹಾಲಿನ ದತ್ತೂಗ
ಮುಡದ್ಯಾ, ಯಾಕೋ ತಡಾ, ಅಂದ್ರ
ಅಂವ ನಕ್ಕು ಒಂದು ಚಟಾಕು ಹೆಚ್ಚಿಗಿ ಹಾಕ್ತಿದ್ದ.
ಅದೇ ಮಾತು ಆಳಂದಕ್ಕ ಬಂದು
ಕನ್ನಡದಾಗ ಹೆಣಾ ಆದಕೂಡ್ಲೆ
ಇಬ್ರ ತಲಿ ಒಡೀತು. ಆರು ಹೊಲಿಗಿ.

ಕಲಬುರಗಿ ಸ್ಟೇಶನ್ ಬಜಾರದಾಗ ಭಾಡ್ಯಾ ಅಂದ್ರ
ಒಂದು ಚಾ ಹೇಳು ಅಂತ ಅರ್ಥ.
ಹೌಲೇ ಅಂದ್ರ ಎರಡು ಹೇಳು.

ಮೈಸೂರು ಕಡಿ ಪಿಎಸ್ಐ ಸಾಹೇಬ್ರು, ಹೊಸಬ್ರು,
ಚಾಲೂ ಆಗದ ಜೀಪಿಗಿ ಥೂ ಮುಂಡೇದೇ ಅಂದ್ರು.
ಡ್ರೈವರ್ ಲಾಲಸಾಬ ನನ್ನ ಕಿವಿಯಾಗ ಕೇಳ್ದ:
ಬೈದ್ರೋ, ಹೆಸರಿಟ್ರೋ?

ಐನೂರಾ ನಾಕು ಹೋಗಿ ಮುನ್ನೂರೈವತ್ತೆರಡು ಬಂತು.
ಕಲಂ ಹೊಸಾದು, ಬಾಯಿ ಹಳೇದು.

ಹೋದ ವಾರ ಜಗದೇವಿ ಗಂಡ ಲಾಡಪ್ಪ. ಬದುವಿನ ಜಗಳ.
ಮಗ್ಗಲ ಹೊಲದಾಕಿ ಅಂದದ್ದು ಹೇಳ್ಲಾರದೆ
ಬೆಂಚಿನ ಮ್ಯಾಲ ಕುಂತು ಅತ್ತಳು.
ನೀರು ಕೊಟ್ಟೆ.
ತಾಯಿ ತಂಗಿ ಹಿಡದು ಬೈದಾಳೇನಮ್ಮ?
ಅದಲ್ಲ ಯಪ್ಪಾ.
ನಿನ್ನ ತೊಗರಿಗಿ ಗೊಡ್ಡರೋಗ ಹತ್ಲಿ ಅಂದಾಳ.

ಇಷ್ಟೇನಾ, ಅನ್ನೋದು ಗಂಟಲತನಕ ಬಂದಿತ್ತು.
ಮದ್ವಿ ಆಗಿ ಹನ್ನೊಂದು ವರ್ಷ ಅಂತ
ಆಗಲೇ ಬರೆಸಿದ್ಲು. ಮಕ್ಕಳು ಅನ್ನೋ ಕಡಿ
ನಾನೇ ಗೆರಿ ಎಳದಿದ್ದೆ.

ಅವಾಚ್ಯ ಅಂಬೋದು ಒಂದೂ ಇರ್ಲಿಲ್ಲ ಅದ್ರಾಗ.
ತೊಗರಿ ವಾಚ್ಯ. ರೋಗ ವಾಚ್ಯ.
ಕೃಷಿ ಇಲಾಖೆಯವರು ಗ್ವಾಡಿ ಮ್ಯಾಲ ಬರೆಸ್ತಾರ ಅದನ್ನ.
ಪೆನ್ನು ಎತ್ತಿದಲ್ಲೇ ಉಳೀತು.
ಆಮ್ಯಾಲ ಬರದೆ, ಅದೇ ಸಾಲು. ಬ್ಯಾರೆ ಸಾಲು
ನನ್ನ ಬಲ್ಲಿ ಇಲ್ಲ.

ಕಾಗದ ಜೋಡಿಸಬೇಕಾದ್ರ ಸ್ಟೇಪ್ಲರ್ ಪಿನ್ನು
ಬೆರಳಾಗ ನೆಟ್ಟು, ಬಾಯಿಂದ
ಮುಡದ್ಯಾ ಅಂತ ಬಂತು.

ನಂದು ಶಹಾಪುರ.
ನಮ್ಮವ್ವ ಎಂದೂ ಹಂಗ ಅಂದಾಕಿ ಅಲ್ಲ.
ಮುಳ್ಳು ನೆಟ್ಟಾಗ ಆಕಿ ಏನಂತಿದ್ಲು,
ಬೆರಳು ಬಾಯಾಗ ಇಟ್ಕೊಂಡು
ಇನ್ನೂ ನೆನಸ್ಲತ್ತೀನಿ.