ಮೂಲೆ

ಎಲ್ ಪಾಸೊ ಕೋರ್ಟು, ಮೂರನೇ ಮಹಡಿ.
ವಕೀಲರು ಕೇಳಿದ್ದು ಇಷ್ಟೇ:
'ಆಗ ನೀನು ಕಾರ್ನರಿನಲ್ಲಿದ್ದೆಯಾ?'

ದುಭಾಷಿ ಒಫೀಲಿಯಾಳ ನಾಲಗೆ ತಡೆಯಿತು.
ಎಸ್ಕೀನಾ ಎಂದರೆ ಬೀದಿಯದು:
ಬಸ್ಸು ತಿರುಗುತ್ತದೆ, ಟಾಕೊ ಗಾಡಿಯ ಹೊಗೆ,
ಓಡಲಿಕ್ಕೆ ಎರಡು ದಾರಿ.
ರಿಂಕೋನ್ ಒಳಗಿನದು.
ಪೊರಕೆ ಒರಗುವ ಜಾಗ,
ಬೆನ್ನಿಗೆ ಎರಡು ಗೋಡೆ.

ಮೂಲೆ ಅಂಗಡಿಗೂ
ಮೂಲೆ ಹಿಡಿದು ಕೂತ ನನ್ನ ಸೋದರತ್ತೆಗೂ
ನಮ್ಮಲ್ಲಿ ಒಂದೇ ಮಾತು.
ಟೈಪ್ ಮಾಡುತ್ತ ಕೂತವಳಿಗೆ
ಇಷ್ಟು ವರ್ಷ ಹೊಳೆದೇ ಇರಲಿಲ್ಲ.

'ಮಹಾಸ್ವಾಮಿ, ಒಳಗಿನದೋ ಹೊರಗಿನದೋ?'
ವಕೀಲರು ಕಾಗದ ತಿರುವಿದರು,
ಮತ್ತೆ ತಿರುವಿದರು.

ಅಷ್ಟು ಇಂಗ್ಲಿಷ್ ಬರುತ್ತಿತ್ತು ಎಫ್ರೆನ್‌ಗೆ.
ಕಟಕಟೆಯ ಕೊನೆಗೆ ಸರಿದು
ಮೊಣಕಾಲು ಎದೆಗೆ ಎಳೆದುಕೊಂಡಿದ್ದ.

ದಾಖಲೆಗೆ ನಾನು ಹೊಡೆದದ್ದು:
ಉತ್ತರವಿಲ್ಲ.