ಕಾಲು ಲಾದಿ

ಬೈತಖೋಲದ ಜೆಟ್ಟಿಯಲ್ಲಿ, ಮೀನು ತೂಗುವ ಕಾಟಾದ ಮೇಲೆ
ಬೆಳಗಿನ ನಾಲ್ಕೂವರೆಗೆ ಚಪ್ಪಲಿ ಕಳಚಿ ಹತ್ತುತ್ತೇನೆ.
ಅರವತ್ತೊಂಬತ್ತು ಕಿಲೋ ಇನ್ನೂರು.
ತಟ್ಟೆಗೆ ಅಂಟಿದ ಬಂಗಡೆಯ ಪೊರೆಯನ್ನೂ ಸೇರಿಸಿ.

ಹೋದ ವರ್ಷವೂ ಇಷ್ಟೇ ಇದ್ದೆ.
ತೂಕ ಅದೇ, ವಿಳಾಸ ಬೇರೆ.
ಹೆಗಲು ಖಾಲಿ ಮಾಡಿ ಹೋಗಿದೆ, ಸೊಂಟ ತುಂಬುತ್ತಿದೆ,
ಎದೆಯಲ್ಲಿ ದಿನವಿಡೀ ಸಣ್ಣ ನೋವು,
ಹೊಸ ಬಾಡಿಗೆಯವರು ಸಾಮಾನು ಸರಿಸಿದ ಹಾಗೆ.

ಇಡೀ ಐಸ್ ಲಾದಿಯನ್ನು ಒಬ್ಬನೇ ಎತ್ತುತ್ತಾನೆ, ಅನ್ನುತ್ತಿದ್ದರು ಆಗ.
ಒಬ್ಬಳೇ ಎತ್ತುತ್ತಿದ್ದೆ.
ಅದು ನನಗೆ ಮಾತ್ರ ಗೊತ್ತಿತ್ತು.

ಮೊನ್ನೆ ಅರ್ಧ ಲಾದಿ
ಮೊಣಕಾಲಿನವರೆಗೆ ಬಂದು, ಕೈ ಜಾರಿ,
ಸಿಮೆಂಟಿನ ಮೇಲೆ ಚೂರುಚೂರು.
ತಾಂಡೇಲ ರೊಸಾರಿಯೊ ನಕ್ಕ: ಮಾತ್ರೆ ನುಂಗಿ ನುಂಗಿ
ಇದ್ದ ಶಕ್ತಿಯನ್ನೂ ಕಳಕೊಂಡ್ಯಲ್ಲ.
ನಗಲಿ. ಬೇಡಿ ಪಡೆದದ್ದು ನಾನೇ,
ಜೊತೆಗೆ ಬಂದ ಚಿಲ್ಲರೆಯನ್ನೂ ನಾನೇ ಎಣಿಸಿಕೊಳ್ಳಬೇಕು.
ರಾತ್ರಿ ಅತ್ತೆ ಮಾತ್ರ. ಅಳು ಈಗೀಗ
ಬಾಗಿಲು ತಟ್ಟದೆ ಒಳಗೆ ಬರುತ್ತದೆ.

ಹುಬ್ಬಳ್ಳಿಯ ಡಾಕ್ಟರಮ್ಮ ಗದರಿದ್ದರು:
ಉಪವಾಸ ಮಾಡಿದರೆ ಸೊಂಟ ಬರೋದಿಲ್ಲ, ಎಲುಬು ಬರುತ್ತದೆ.
ಮೊಟ್ಟೆ ತಿನ್ನು, ಮೀನು ತಿನ್ನು, ವಾರಕ್ಕೆ ಮೂರು ದಿನ ಭಾರ ಎತ್ತು.
ಮತ್ತೆ, ಎಳನೀರು ಕಡಿಮೆ ಮಾಡು,
ಆ ಬಿಳಿ ಮಾತ್ರೆಗೂ ಅದಕ್ಕೂ ಆಗಿಬರೋದಿಲ್ಲ.
ಕಾರವಾರದವಳಿಗೆ ಎಳನೀರು ಬೇಡವಂತೆ!
ಬಸ್ಸಿನಲ್ಲಿ ಅಂಕೋಲೆ ದಾಟುವವರೆಗೂ ನಕ್ಕೆ.
ಉಪ್ಪಿನ ಆಸೆ ಮಾತ್ರ ತಡೆಯೋಕಾಗದು,
ಒಣ ಶೆಟ್ಲಿಯ ಡಬ್ಬಿ ತಲೆದಿಂಬಿನ ಪಕ್ಕ.

ಕಾಜುಬಾಗದ ಜಿಮ್ಮಿಗೆ ಒಂದು ವಾರ ಹೋದೆ.
ಕನ್ನಡಿ ಬಹಳ. ಕಣ್ಣು ಅದಕ್ಕಿಂತ ಬಹಳ.
ಬಿಟ್ಟೆ.

ಮಾಣಕೂ ಬಾಯಿ, ಅರವತ್ತೆರಡು ವರ್ಷ,
ತಲೆಯ ಮೇಲೆ ಬುಟ್ಟಿ ಹೊತ್ತು ಕೋಡಿಬಾಗದವರೆಗೆ ನಡೆಯುವವಳು,
ಒಡೆದ ಐಸನ್ನು ನನ್ನ ಜೊತೆ ಬಳಿಯುತ್ತ ಅಂದಳು:
ಇನ್ನೂ ತೋಳಿಂದ ಎತ್ತುತ್ತೀಯಲ್ಲೇ ಹುಚ್ಚಿ.
ಹತ್ತಿರ ಹೋಗು. ಕುಕ್ಕರುಗಾಲಲ್ಲಿ ಕೂರು. ಮೈಗೆ ಒತ್ತಿಕೋ.
ಆಮೇಲೆ ತೊಡೆಗೆ ಹೇಳು, ಏಳು ಅಂತ.

ಹುಚ್ಚಿ ಅಂದಳು.
ಚಕಾರದ ತಲೆಯ ಮೇಲಿನ ಆ ಒಂದು ಗುಡಿಸು
ಎಷ್ಟು ಗ್ರಾಂ ಎಂದು ಯಾವ ಕಾಟಾ ಹೇಳೀತು?

ಈಗ ಹರಾಜು ಮುಗಿದ ಮೇಲೆ, ಖಾಲಿ ಶೆಡ್ಡಿನಲ್ಲಿ,
ಹತ್ತು ಕಿಲೋ ಉಪ್ಪಿನ ಚೀಲ ತಬ್ಬಿ ಕೂತೇಳುತ್ತೇನೆ.
ಹನ್ನೆರಡು ಸಲ. ಕೆಲವು ದಿನ ಒಂಬತ್ತು.
ಮಾಣಕೂ ಬಾಯಿ ಎಲೆ ಜಗಿಯುತ್ತ ಲೆಕ್ಕ ತಪ್ಪಿಸುತ್ತಾಳೆ.

ಅರ್ಧ ಲಾದಿ ಇನ್ನೂ ಆಗಿಲ್ಲ.
ಕಾಲು ಲಾದಿ ಆಗುತ್ತದೆ:
ಚೂಡಿದಾರ ಒದ್ದೆಯಾಗಿ, ಎದೆಗೆ ಒತ್ತಿ ಹಿಡಿದಾಗ
ಮೊದಲು ಚುಚ್ಚುತ್ತದೆ ಚಳಿ,
ಆಮೇಲೆ, ಬೋಟು ತಲುಪುವ ಹದಿನೆಂಟು ಹೆಜ್ಜೆ,
ನೋಯುವ ಜಾಗಕ್ಕೆ ಎಂಥ ಹಿತ.
ಅದಷ್ಟನ್ನು ಮಾಣಕೂ ಬಾಯಿಗೂ ಹೇಳಿಲ್ಲ.