ನಾಲ್ಕನೇ ನಂಬರಿನ ನೆರಳು

ಎಸ್.ಪಿ. ರೋಡಿನ ಎರಡನೇ ಮಹಡಿ. ಮುನೀರ್ ಸಾಹೇಬರು
ಎರಡು ಪರದೆ ಅಕ್ಕಪಕ್ಕ ಇಟ್ಟು
ಅದೇ ಕೋಟೆ, ಅದೇ ಮೆಟ್ಟಿಲು, ಅದೇ ಸಂಜೆ ತೋರಿಸಿ
ಕೇಳಿದರು: ‘ಫರಕ್ಕು ಗೊತ್ತಾಯ್ತಾ?’

ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ,
ಅಕ್ಕನ ಅವಳಿ ಮಕ್ಕಳಲ್ಲಿ ಯಾರು ಯಾರೆಂದು
ನಾಮಕರಣದ ದಿನ ಹುಡುಕಿದ ಹಾಗೆ.
‘ಗೊತ್ತಾಯ್ತು’ ಅಂದೆ.
ಗೊತ್ತಾಗಿರಲಿಲ್ಲ.
ಕನಿಕರಪಟ್ಟು ಅವರೇ ಬೆರಳಿಟ್ಟರು
ಮೆಟ್ಟಿಲ ಸಂದಿಗೆ: ಈ ಕಡೆ ಬರೀ ಕಪ್ಪು;
ಆ ಕಡೆ ಕಪ್ಪಿನೊಳಗೆ ಚಿಟಿಕೆಯಷ್ಟು ಇಟ್ಟಿಗೆ ಕೆಂಪು,
ಎದುರುಗೋಡೆಯಿಂದ ಸಾಲ ತಂದದ್ದು.

ಐವತ್ತೆಂಟು ಸಾವಿರ, ಆ ಸಾಲದ ಕೆಂಪಿಗೆ.

ನನ್ನದು ಕಾಮಾಕ್ಷಿಪಾಳ್ಯದಲ್ಲಿ
ಲೇತ್ ಶೆಡ್ಡಿನ ಮೇಲಿನ ಕೋಣೆ.
ಕೆಳಗೆ ಕಬ್ಬಿಣ ಕೊರೆದರೆ ಮೇಲೆ ಮೌಸು ನಡುಗುತ್ತದೆ.
ಆರು ಕಂಪ್ಯೂಟರು, ಗಂಟೆಗೆ ನಲವತ್ತು.
ಐವತ್ತೆಂಟು ಸಾವಿರ ಎಂದರೆ
ಸಾವಿರದ ನಾನೂರ ಐವತ್ತು ಗಂಟೆ
ಯಾರಾದರೊಬ್ಬರ ಮಗ ಟ್ಯೂಷನ್ ತಪ್ಪಿಸಬೇಕು.

ಆದರೂ ತಂದೆ, ಕಂತಿನ ಮೇಲೆ.
ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲೆ,
ಬ್ರೇಕ್ ಹಾಕಿದಾಗೆಲ್ಲ ಹಸುಗೂಸಿನಂತೆ ಅವಚಿಕೊಂಡು.

ನಾಲ್ಕನೇ ನಂಬರಿಗೆ ಕೂರಿಸಿದೆ. ಸಂಜೆ ಜಬೀವುಲ್ಲ ಬಂದ,
ಅರುಳ್ ಬಂದ, ಲೇತಿನ ಕೆಂಪಯ್ಯನ ತಮ್ಮ ಬಂದ.
ಕೂತವರು ಮೊದಲು ಮಾಡಿದ್ದು
ಸೆಟ್ಟಿಂಗ್ಸಿಗೆ ಹೋಗಿ ನೆರಳು ತೆಗೆದದ್ದು,
ಹುಲ್ಲು ತೆಗೆದದ್ದು, ನೀರಿನ ಹೊಳಪು ತೆಗೆದದ್ದು.
‘ನೆರಳು ವೇಸ್ಟು ಅಣ್ಣ,
ಅದ್ರಲ್ಲಿ ಅವಿತುಕೊಂಡೇ ಹೊಡೀತಾರೆ.’

ಹದಿನೆಂಟು ಕಂತಿನ ನೆರಳು
ಒಂದು ಟಿಕ್ಕಿಗೆ ಹೋಯಿತು.

ಎರಡು ತಿಂಗಳು ಹೀಗೇ. ಆಮೇಲೆ ಒಂದು ಮಂಗಳವಾರ,
ಮಧ್ಯಾಹ್ನ ಎರಡೂವರೆ, ಗಿರಾಕಿಯಿಲ್ಲ,
ಕೆಳಗೆ ಲೇತೂ ಊಟಕ್ಕೆ ಮಲಗಿದೆ.
ಎಲ್ಲವನ್ನೂ ಹಾಕಿದೆ. ಫ್ಯಾನು ಪ್ರೆಶರ್ ಕುಕ್ಕರಿನಂತೆ ಕೂಗಿತು.
ಯಾರನ್ನೂ ಹೊಡೆಯದೆ ಆ ಊರಿನ ಓಣಿಯಲ್ಲಿ
ಸುಮ್ಮನೆ ನಿಂತೆ.

ನೆಲ ಒರೆಸುತ್ತಿದ್ದ ಮುನಿತಾಯಮ್ಮ
ಕೋಲಿಗೆ ಗದ್ದ ಊರಿ ನೋಡಿದರು:
‘ಮಳೆ ಈಗ್ತಾನೆ ನಿಂತದೆ ಅಲ್ವಾ, ಈ ಊರಲ್ಲಿ?’

ಹೇಗೆ ಗೊತ್ತಾಯ್ತು?

‘ಗೋಡೆ ಮೇಲ್ಗಡೆ ಆರೈತೆ, ಕೆಳ್ಗಡೆ ಇನ್ನೂ ಒದ್ದೆ.
ಬಟ್ಟೆ ಒಣಾಕೋರಿಗೆ ಅಷ್ಟೂ ಗೊತ್ತಾಗಲ್ವಾ?’

ಹಳೆಯ ಮಟ್ಟಕ್ಕೆ ಇಳಿಸಿದೆ, ಪರೀಕ್ಷೆಗೆ.
‘ಈಗ?’
‘ಈಗೇನು, ಗೋಡೆ,’ ಎಂದು
ಬಕೆಟ್ಟು ಎತ್ತಿಕೊಂಡು ಹೋದರು.

ಯಾವ ಊರಿನಲ್ಲೋ ಯಾವನೋ ಒಬ್ಬ
ಗೋಡೆ ಮೇಲಿನಿಂದ ಆರುತ್ತದೆಂದು ಗಮನಿಸಿದ್ದಾನೆ.
ಅದನ್ನು ಕಟ್ಟಲು ಎಷ್ಟು ರಾತ್ರಿ ಕೂತನೋ.
ಕೋಟಿ ಜನ ಅದರ ಮುಂದೆ ಬಂದೂಕು ಹಿಡಿದು
ಓಡಿಹೋಗುತ್ತಾರೆಂದು ಗೊತ್ತಿದ್ದೂ ಕೂತನೋ.

ಅಷ್ಟಕ್ಕೆ ಐವತ್ತೆಂಟು ಸಾವಿರವೇ?
ಲೆಕ್ಕದ ಪುಸ್ತಕ ಅಲ್ಲ ಎನ್ನುತ್ತದೆ.
ನಾನೂ ಅದನ್ನೇ ಅನ್ನುತ್ತೇನೆ, ಹೆಂಡತಿಯ ಮುಂದೆ.

ರಾತ್ರಿ ಶಟರ್ ಎಳೆದು ಬರುವಾಗ
ಸುಮನಹಳ್ಳಿ ಫ್ಲೈಓವರಿನ ಕೆಳಗೆ ನೀರು ನಿಂತಿತ್ತು,
ಮೇಲೆ ಆಯಿಲು, ಒಂದು ಚಪ್ಪಲಿ,
ಬೇಕರಿಯ ಬೋರ್ಡು ತಲೆಕೆಳಗಾಗಿ, ಅರ್ಧ.
ಸುಳ್ಳೇಕೆ, ಪರದೆಯ ನೀರೇ ಚೆಂದ ಅನ್ನಿಸಿತು.
ಆದರೂ ಕಂಬದ ಹತ್ತಿರ ಹೋಗಿ ಬಗ್ಗಿ ನೋಡಿದೆ,
ಒದ್ದೆ ಎಲ್ಲಿಯವರೆಗೆ ಏರಿದೆ ಎಂದು.
ಮೊಣಕಾಲಿಗಿಂತ ಗೇಣು ಕೆಳಗೆ.
ಹಿಂದಿನಿಂದ ಆಟೋದವನು ಹಾರ್ನ್ ಹೊಡೆದ.

ಈಗ ನಾಲ್ಕನೇ ನಂಬರಿನ ಸೆಟ್ಟಿಂಗ್ಸಿಗೆ ಬೀಗ ಹಾಕಿದ್ದೇನೆ.
ತಡವರಿಸುತ್ತದೆ. ಸೋಲಿಸುತ್ತದೆ.
ಶನಿವಾರವೂ ಖಾಲಿ ಇರುತ್ತದೆ.

‘ಹೊಸ ಕಾರ್ಡು, ಆದ್ರೂ ಯಾಕಣ್ಣ ಇಷ್ಟು ಸ್ಲೋ?’
ಜಬೀವುಲ್ಲ ಕೇಳಿದ.
‘ಅದಕ್ಕೆ ನೆರಳಿದೆ ಕಣೋ,’ ಅಂದೆ.

ಒಂದು ಗಳಿಗೆ ಪರದೆ ನೋಡಿದ.
‘ಹಂಗಾದ್ರೆ ಮೂರು ಕೊಡಿ.’